ಬೋಯಿಂಗ್ 747ಎಸ್‌ಪಿ ವಿಮಾನ ಬೇರೆ 747 ಜಂಬೋ ಜೆಟ್‌ಗಳಿಗಿಂತ ಗಿಡ್ಡ ಯಾಕೆ?

ದೂರ ಹಾರಲಿ ಅಂತ. 1970ರ ದಶಕದ ಆರಂಭದಲ್ಲಿ ಪ್ಯಾನ್ ಆಮ್ ಮತ್ತು ಇರಾನ್ ಏರ್ ಎಂಬ ವಿಮಾನ ಸಂಸ್ಥೆಗಳಿಗೆ ನ್ಯೂಯಾರ್ಕ್‌ನಿಂದ ಟೆಹ್ರಾನ್‌ವರೆಗೆ ಎಲ್ಲೂ ಇಳಿಯದೆ ಹೋಗುವ ವಿಮಾನ ಬೇಕಿತ್ತು. ಬೋಯಿಂಗ್ ಇದ್ದ 747ರ ಉದ್ದವನ್ನೇ 14 ಮೀಟರಿಗೂ ಜಾಸ್ತಿ ಕಡಿಮೆ ಮಾಡಿತು. ತೂಕ ಇಳಿಯಿತು, ಹಾರುವ ದೂರ ಹೆಚ್ಚಿತು. ಆದರೆ ಒಡಲು ಗಿಡ್ಡವಾದರೆ ಬಾಲದ ಹಿಡಿತ ಕಮ್ಮಿಯಾಗುತ್ತದೆ ಅಲ್ವಾ? ಅದಕ್ಕೇ ನೆಟ್ಟಗೆ ನಿಂತ ಬಾಲವನ್ನು ಸುಮಾರು ಒಂದೂವರೆ ಮೀಟರ್ ಎತ್ತರಿಸಿದರು. ನನಗೆ ತುಂಬಾ ಇಷ್ಟವಾಗುವ ಜಾಣತನ ಇದು.

ಮೊದಲ ಹಾರಾಟ 1975ರ ಜುಲೈ 4ರಂದು. 1976ರ ಮಾರ್ಚ್‌ನಲ್ಲಿ ಸೌತ್ ಆಫ್ರಿಕನ್ ಏರ್‌ವೇಸ್‌ನ ಹೊಸ ಎಸ್‌ಪಿ ಅಮೆರಿಕದ ಸಿಯಾಟಲ್ ಹತ್ತಿರದಿಂದ ಹೊರಟು ಸೀದಾ ಕೇಪ್‌ಟೌನ್‌ನಲ್ಲೇ ಇಳಿಯಿತು, 16,000 ಕಿ.ಮೀ.ಗೂ ಜಾಸ್ತಿ! ಏಪ್ರಿಲ್‌ನಲ್ಲಿ ಪ್ಯಾನ್ ಆಮ್ ಪ್ರಯಾಣಿಕರ ಸೇವೆ ಶುರು ಮಾಡಿತು. ಒಟ್ಟು ತಯಾರಾದದ್ದು 45 ಮಾತ್ರ.