ಓದುಗರ ಪ್ರಶ್ನೆ: ದಿನಕ್ಕೊಂದೇ ಕಮಿಟ್ ಸಾಕೇ?

ಪ್ರಶ್ನೆ: ಅಡಿಕೆ ವಖಾರಿಯೊಂದಕ್ಕೆ ತೂಕ, ಬಿಲ್ಲಿನ ಸಾಫ್ಟ್‌ವೇರ್ ಬರೆಯುತ್ತಿದ್ದೇವೆ, ಇಬ್ಬರೇ. ಸಂಜೆ ಏಳುವ ಮೊದಲು ಎಲ್ಲ ಸೇರಿಸಿ ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಫ್ಟ್‌ವೇರ್) ಒಂದು ಕಮಿಟ್, ಅಂದರೆ ಒಂದು ದಾಖಲೆ, ‘ಬದಲಾವಣೆ’ ಅಂತ ಸಂದೇಶ. ಈಗ ಚಾಲಿ ಅಡಿಕೆಯ ಬಿಲ್ಲಿನಲ್ಲಿ ಪೈಸೆ ಲೆಕ್ಕ ತಪ್ಪುತ್ತಿದೆ. ಯಾವತ್ತಿನಿಂದ ಅಂತ ಗೊತ್ತಾಗುತ್ತಿಲ್ಲ.
– ಓದುಗರು, ಶಿರಸಿ

ಉತ್ತರ: ಮೊದಲು, ತಪ್ಪು ಹೊಕ್ಕ ಕಮಿಟ್ ಹುಡುಕಿಕೊಡುವ ‘ಗಿಟ್ ಬೈಸೆಕ್ಟ್’ ಓಡಿಸಿ. ಲೆಕ್ಕ ಸರಿಯಿದ್ದ ಒಂದು ಕಮಿಟ್, ತಪ್ಪಿದ ಒಂದು ಕಮಿಟ್ ತೋರಿಸಿದರೆ ಅದು ನಡುವಿನದನ್ನು ತೆಗೆದುಕೊಡುತ್ತದೆ. ಬಿಲ್ ಮಾಡಿ ನೋಡಿ ಸರಿಯೋ ತಪ್ಪೋ ಹೇಳುತ್ತ ಹೋಗಿ. 64 ಕಮಿಟ್ ಇದ್ದರೂ ಆರೇ ಸಲ ನೋಡಿದರಾಯಿತು. ಆದರೆ ಸಿಗುವುದು ಒಂದು ಇಡೀ ದಿನದ ಗಂಟು. ಅದರೊಳಗೆ ಕಣ್ಣಲ್ಲೇ ಹುಡುಕಬೇಕು. ಚಾಲಿ, ಕೆಂಪುಗೋಟು ಎರಡೂ ಬಗೆಯ ಅಡಿಕೆ ಒಂದೇ ಚೀಲಕ್ಕೆ ತುಂಬಿ ಟೆಂಡರಿಗೆ ಇಟ್ಟರೆ ಯಾರು ದರ ಬರೆದಾರು?

ಇನ್ನು ಮುಂದೆ ಒಂದೊಂದು ಕೆಲಸಕ್ಕೆ ಒಂದೊಂದು ಕಮಿಟ್ ಮಾಡಿ; ಅದಕ್ಕೆ ಸಂಜೆ ‘ಗಿಟ್ ಆಡ್ -ಪಿ’ ಕೊಡಿ. ಬದಲಾದ ಸಾಲುಗಳನ್ನು ತುಂಡು ತುಂಡಾಗಿ ತೋರಿಸಿ ಕೇಳುತ್ತದೆ. ‘ವೈ’ ಒತ್ತಿದರೆ ಈ ಕಮಿಟ್ಟಿಗೆ, ‘ಎನ್’ ಅಂದರೆ ಸದ್ಯ ಬೇಡ, ‘ಎಸ್’ ಅಂದರೆ ತುಂಡನ್ನು ಇನ್ನಷ್ಟು ಒಡೆ. ಎರಡು ತಿದ್ದುಪಡಿಗಳ ನಡುವೆ ಬದಲಾಗದ ಸಾಲು ಒಂದೂ ಇಲ್ಲದಿದ್ದರೆ ‘ಎಸ್’ ನಡೆಯದು. ‘ಇ’ ಒತ್ತಿ ಕೈಯಲ್ಲೇ ಬಿಡಿಸಬೇಕು. ಹೊಸ ಫೈಲುಗಳ ಸುದ್ದಿಯನ್ನೇ ಇದು ಎತ್ತುವುದಿಲ್ಲ, ಅವನ್ನು ಬೇರೆ ಸೇರಿಸಿ. ಇದನ್ನು ಮರೆತರೆ ನಿಮ್ಮಲ್ಲಿ ಓಡುವ ಪ್ರೋಗ್ರಾಂ ಜೊತೆಗಾರರ ಕಂಪ್ಯೂಟರಿನಲ್ಲಿ ಓಡುವುದಿಲ್ಲ. ಕಮಿಟ್ ಮಾಡುವ ಮುಂಚೆ ‘ಗಿಟ್ ಡಿಫ್ --ಸ್ಟೇಜ್ಡ್’ ಕೊಟ್ಟು, ಆರಿಸಿದ ಸಾಲುಗಳನ್ನು ಒಮ್ಮೆ ಓದಿ.

ಸಂದೇಶದ ಮೊದಲ ಸಾಲು 50 ಅಕ್ಷರದ ಆಸುಪಾಸು ಇರಲಿ: ‘ಚಾಲಿ ಬಿಲ್: ಪೈಸೆ ರೌಂಡ್ ಒಟ್ಟು ಮೊತ್ತಕ್ಕೆ ಮಾತ್ರ’. ಒಂದು ಖಾಲಿ ಸಾಲು ಬಿಟ್ಟು ಕಾರಣ: ‘ಚೀಲ ಚೀಲಕ್ಕೂ ರೌಂಡ್ ಮಾಡಿದರೆ 40 ಚೀಲಕ್ಕೆ 20 ಪೈಸೆವರೆಗೆ ಹೆಚ್ಚುಕಮ್ಮಿ ಬರುತ್ತದೆ.’ ಏನು ಬದಲಾಯಿತು ಅನ್ನುವುದು ಕೋಡಿನಲ್ಲೇ ಕಾಣುತ್ತದೆ, ಯಾಕೆ ಅನ್ನುವುದು ಕಾಣುವುದಿಲ್ಲ. ಖಾಲಿ ಸಾಲು ಬಿಡದಿದ್ದರೆ ಕಮಿಟ್‌ಗಳನ್ನು ಸಾಲಿಗೊಂದರಂತೆ ಪಟ್ಟಿ ಮಾಡುವ ‘ಗಿಟ್ ಲಾಗ್ --ಒನ್‌ಲೈನ್’ ಕೊಟ್ಟಾಗ ಕಾರಣವೂ ತಲೆಬರಹಕ್ಕೇ ಅಂಟಿಕೊಂಡು ಬರುತ್ತದೆ.

ಹಳೆಯ ‘ಬದಲಾವಣೆ’ ಕಮಿಟ್‌ಗಳನ್ನು ರಿಬೇಸ್ ಮಾಡಿ (ತಿರುಗಿ ಬರೆದು) ಚಂದ ಮಾಡಲು ಹೋಗಬೇಡಿ. ಪುಶ್ ಆದದ್ದನ್ನು, ಅಂದರೆ ಆಗಲೇ ಹಂಚಿಕೊಂಡದ್ದನ್ನು, ತಿರುಗಿ ಬರೆದರೆ ಜೊತೆಗಾರರ ಪ್ರತಿಗೆ ಒಂದು ದಾರಿ, ನಿಮ್ಮದಕ್ಕೆ ಇನ್ನೊಂದು ದಾರಿ.

ಪ್ರಶ್ನೆ: ಕಮಿಟ್ ಸಂದೇಶ ಕನ್ನಡದಲ್ಲಿ ಬರೆಯಬಹುದೇ? ಕನ್ನಡ ಹೆಸರಿನ ಫೈಲುಗಳು ‘ಗಿಟ್ ಸ್ಟೇಟಸ್’ನಲ್ಲಿ \340\262 ಅಂತೇನೋ ಬರುತ್ತವೆ.
– ಓದುಗರು, ಕಾರವಾರ

ಉತ್ತರ: ಧಾರಾಳವಾಗಿ ಬರೆಯಿರಿ. ಆ ಅಂಕಿಗಳು ಕನ್ನಡ ಅಕ್ಷರದ ಬೈಟುಗಳೇ, ಫೈಲ್ ಕೆಟ್ಟಿಲ್ಲ. ‘ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್’ ಎಂದು ಒಮ್ಮೆ ಕೊಟ್ಟರೆ ಹೆಸರು ಹೆಸರಾಗಿಯೇ ಕಾಣುತ್ತದೆ. ಕಾಗುಣಿತದಲ್ಲಿ ಮಾತ್ರ ಎಲ್ಲರೂ ಒಂದೇ ಪದ್ಧತಿ ಹಿಡಿಯಿರಿ: ಒಬ್ಬರು ‘ಬಿಲ್’, ಇನ್ನೊಬ್ಬರು ‘ಬಿಲ್ಲು’ ಎಂದು ಬರೆದಿದ್ದರೆ ‘ಗಿಟ್ ಲಾಗ್ --ಗ್ರೆಪ್’ನಲ್ಲಿ ‘ಬಿಲ್ಲು’ ಎಂದು ಹುಡುಕಿದವರಿಗೆ ಮೊದಲಿನವರ ಕಮಿಟ್ ಸಿಗುವುದಿಲ್ಲ.