ರಿಪೋರ್ಟ್‌ನಲ್ಲಿ ‘ಟಾರ್ಚುಅಸ್’ ಅಂತ ಇದೆ, ಟಾರ್ಚರ್‌ಗೂ ಅದಕ್ಕೂ ಸಂಬಂಧ ಇದ್ಯಾ?

ಅಮ್ಮನ ಕಾಲಿನ ಡಾಪ್ಲರ್ (ರಕ್ತದ ಓಡಾಟ ನೋಡೋ ಸ್ಕ್ಯಾನ್) ರಿಪೋರ್ಟ್‌ನಲ್ಲಿ ‘ಡೈಲೇಟೆಡ್ ಅಂಡ್ ಟಾರ್ಚುಅಸ್ ವೇನ್ಸ್’ ಅಂತ ನೋಡಿ ಗಾಬರಿ ಆಯ್ತು ಅಂದಿದೀರ. ನಮ್ಮಪ್ಪನ ರಿಪೋರ್ಟ್ ಕೈಗೆ ಬಂದಾಗ ನನಗೂ ಹಾಗೇ ಆಗಿತ್ತು, ರಾತ್ರಿ ಪೂರ್ತಿ ನಿದ್ದೆ ಇರ್ಲಿಲ್ಲ. ಆ ಪದ ರಕ್ತನಾಳದ ಆಕಾರ ಹೇಳುತ್ತೆ ಅಷ್ಟೆ, ನೋವು ಎಷ್ಟಿದೆ ಅಂತ ಅಲ್ಲ. ಉಬ್ಬಿದೆ, ಅಂಕುಡೊಂಕಾಗಿದೆ ಅಂತ ಅರ್ಥ. ಕಾಲಿನ ರಕ್ತನಾಳದ ಒಳಗಿನ ವಾಲ್ವ್ ಸರಿಯಾಗಿ ಮುಚ್ಚದೆ ಹೋದ್ರೆ ರಕ್ತ ಮೇಲಕ್ಕೆ ಹೋಗೋ ಬದ್ಲು ಕೆಳಗೇ ನಿಲ್ಲುತ್ತೆ, ನಾಳ ಹಿಗ್ಗುತ್ತೆ, ಉದ್ದನೂ ಆಗುತ್ತೆ, ಇರೋ ಜಾಗ ಮಾತ್ರ ಅಷ್ಟೇ ಅಲ್ವಾ, ಹಾಗಾಗಿ ಹಾವಿನ ಥರ ಸುತ್ತಿಕೊಳ್ಳುತ್ತೆ. ಡಾಕ್ಟರ್‌ಗೆ ತೋರಿಸಿ, ಆದ್ರೆ ಪದಕ್ಕೆ ಹೆದರಬೇಡಿ.

ಸಂಬಂಧ ಇದ್ಯಾ ಅಂದ್ರೆ, ಇದೆ. ಎರಡೂ ಲ್ಯಾಟಿನ್‌ನ ‘ಟಾರ್ಕ್ವೇರೆ’ಯಿಂದ ಬಂದಿದ್ದು, ಅಂದ್ರೆ ತಿರುಚು. ಕೈಕಾಲು ತಿರುಚಿ ಹಿಂಸೆ ಕೊಡೋದು ಟಾರ್ಚರ್ ಆಯ್ತು, ತಿರುವುಗಳೇ ತುಂಬಿರೋದು ಟಾರ್ಚುಅಸ್ ಆಯ್ತು. ಟಾರ್ಚುಅಸ್ ಅನ್ನೋ ಪದ ಫ್ರೆಂಚ್ ದಾರಿಯಲ್ಲಿ 14ನೇ ಶತಮಾನದ ಹೊತ್ತಿಗೆ ಇಂಗ್ಲಿಷ್‌ಗೆ ಬಂತು. ಹಿಂಸೆ ಕೊಡೋದಕ್ಕೆ ಬೇರೆ ಪದಾನೇ ಇದೆ, ‘ಟಾರ್ಚರಸ್’, ಮಧ್ಯೆ ಇರೋ ಒಂದು ‘ರ’ಕಾರ ನೋಡಿ, ಇಂಗ್ಲಿಷ್‌ನವರೇ ಇಲ್ಲಿ ಎಡವ್ತಾರೆ. ಆಗುಂಬೆ ಘಾಟಿ ರಸ್ತೆ ಟಾರ್ಚುಅಸ್, ಅದ್ರಲ್ಲಿ ವಾಂತಿ ಮಾಡ್ಕೊಂಡು ಕೂತವರಿಗೆ ಆ ಪ್ರಯಾಣ ಟಾರ್ಚರಸ್.

ರಸ್ತೆಗೆ, ನದಿಗೆ, ನಾಳಕ್ಕೆ ಅಷ್ಟೇ ಅಲ್ಲ, ಸುತ್ತಿ ಬಳಸಿ ಹೋಗೋ ವಾದಕ್ಕೂ, ನೇರ ಇಲ್ದಿರೋ ನಡತೆಗೂ ಇದನ್ನೇ ಹೇಳ್ತಾರೆ. ನಮ್ಮಲ್ಲೂ ವಕ್ರಬುದ್ಧಿ ಅಂತೀವಲ್ಲ, ಹಂಗೆ. ಡಿಸ್ಟಾರ್ಟ್ ಕೂಡ ಇದೇ ಬಳಗದ್ದು, ಹೇಳಿದ ಮಾತು ತಿರುಚೋದು ಅಂತ ನಾವೂ ಅನ್ನೋದು ಅದನ್ನೇ. ಟಾರ್ಚ್ ಅನ್ನೋ ಪದಾನೂ ಇಲ್ಲಿಂದಲೇ, ಬ್ಯಾಟರಿದಲ್ಲ, ಹಳೇ ಕಾಲದ ಪಂಜು. ನಾರನ್ನ ಹೊಸೆದು ಮೇಣದಲ್ಲಿ ಅದ್ದಿ ಹಚ್ಚೋರು, ಹೊಸೆದಿದ್ದಕ್ಕೇ ಆ ಹೆಸರು. ದೇವರ ದೀಪಕ್ಕೆ ಬತ್ತಿ ಹೊಸೆಯೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ.

ನನಗೆ ಬಹಳ ಇಷ್ಟ ಆಗಿದ್ದು ಇನ್ನೊಂದು. ಇದೇ ಮೂಲದ ಸಂಸ್ಕೃತ ಪದ ‘ತರ್ಕು’, ನೂಲೋ ಕದಿರು ಅಂತ ಅರ್ಥ. ಹಿಂದಿಯಿಂದ ನಮಗೆ ಬಂದ ‘ತಕಲಿ’ ಹುಟ್ಟಿದ್ದು ಆ ತರ್ಕುವಿನಿಂದ. ನಮ್ಮಜ್ಜನ ಹತ್ರ ಒಂದಿತ್ತು, ತೆಳ್ಳನೆ ಕಡ್ಡಿ, ಕೆಳಗೆ ಹಿತ್ತಾಳೆ ಬಿಲ್ಲೆ. ಬೆರಳಲ್ಲಿ ಚಟಕ್ ಅಂತ ತಿರುಗಿಸಿ ಬಿಟ್ರೆ ಅದು ಗಾಳಿಯಲ್ಲಿ ಸುತ್ತುತ್ತಾ ಇರೋದು, ಎಡಗೈಲಿದ್ದ ಹಂಜಿಯಿಂದ ಎಳೆ ಜಾರಿ ಜಾರಿ ಹುರಿಗೊಂಡು ಇಳಿಯೋದು, ಸ್ವಲ್ಪ ಅವಸರ ಮಾಡಿದ್ರೆ ಪಟ್ ಅಂತ ಕಿತ್ತೋಗೋದು. ಅಪ್ಪನ ರಿಪೋರ್ಟ್‌ನಲ್ಲಿದ್ದ ಪದ ಅಜ್ಜನ ತಕಲಿಗೆ ನೆಂಟ ಅಂತ ಗೊತ್ತಾದ ದಿನ ಅಪ್ಪಂಗೆ ಹೇಳ್ದೆ, ಅವರು ಕಾಲು ನೀವಿಕೊಳ್ಳೋದು ಬಿಟ್ಟು ಅಟ್ಟದ ಮೇಲೆ ಆ ತಕಲಿ ಇದ್ಯಾ ನೋಡು ಅಂದ್ರು.