ಎರವಲು ದೋಣಿಯಲ್ಲಿ ಬರುವ ಚೀನಾ ಸುದ್ದಿ

ಪ್ರಶ್ನೆ: ಕೆಲಸದ ಮೇಲೆ ನೈರೋಬಿಗೆ ಬಂದು ಎರಡು ವರ್ಷವಾಯಿತು. ಇಲ್ಲಿನ ಪೇಪರಿನಲ್ಲಿ ಚೀನಾ ಬಗ್ಗೆ ಬರುವ ಕೆಲವು ಸುದ್ದಿಗಳ ಪಕ್ಕ ಸಣ್ಣ ಅಕ್ಷರದಲ್ಲಿ 'ಕ್ಸಿನ್ಹುವಾ' ಅಂತ ಇರುತ್ತದೆ. ನಮ್ಮ ಮನೆ ಓನರ್ ಹಾಕಿಸಿರುವ ಡಿಶ್ ಕೂಡ ಚೀನಾದ ಸ್ಟಾರ್‌ಟೈಮ್ಸ್ ಕಂಪನಿಯದು. ಇದೆಲ್ಲ ಬರೀ ವ್ಯಾಪಾರವೋ, ಪ್ರಚಾರವೋ? ಪೇಪರಿನವರು ಯಾಕೆ ಒಪ್ಪಿಕೊಳ್ಳುತ್ತಾರೆ?
– ಹಾಸನ ಮೂಲದ ಓದುಗರು, ನೈರೋಬಿ

ಉತ್ತರ: ಮೊದಲು ಪೇಪರಿನವರ ಕಷ್ಟ ನೋಡೋಣ. ನಾನೂ ಕೆಲವು ವರ್ಷ ರಾತ್ರಿ ಡೆಸ್ಕ್‌ನಲ್ಲಿ ಕೂತವನೇ. ಹನ್ನೊಂದೂವರೆಗೆ ವಿದೇಶ ಪುಟ ಬಿಡಬೇಕು. ಕೆಳಗಿನ ಮೂಲೆಯಲ್ಲಿ ಎರಡು ಕಾಲಂ ಖಾಲಿ. ಆಗ ಸ್ಕ್ರೀನ್ ಮೇಲೆ ಕಾಣುವ ಯಾವುದೋ ಏಜೆನ್ಸಿ ಕಾಪಿ ಎತ್ತಿಕೊಂಡು, ಬಾಲ ಕತ್ತರಿಸಿ, ಕೂರಿಸಿ, ಟೀ ಕುಡಿಯೋಕೆ ಎದ್ದು ಹೋಗುತ್ತೇವೆ. ಅದು ಯಾರ ದುಡ್ಡಿನಲ್ಲಿ ತಯಾರಾಯಿತು ಅಂತ ಯೋಚಿಸೋಕೆ ಪುರುಸೊತ್ತು ಇರುವುದಿಲ್ಲ. ಚೀನಾ ಕಣ್ಣಿಟ್ಟಿರುವುದು ಆ ಎರಡು ಕಾಲಂ ಮೇಲೆ.

ಕ್ಸಿನ್ಹುವಾ ಚೀನಾ ಸರ್ಕಾರದ ಸುದ್ದಿಸಂಸ್ಥೆ. 1931ರಲ್ಲಿ ಕಮ್ಯುನಿಸ್ಟ್ ಪಕ್ಷವೇ ಶುರು ಮಾಡಿದ್ದು. ರಾಯಿಟರ್ಸ್, ಎಎಫ್‌ಪಿಯಂಥ ಸಂಸ್ಥೆಗಳ ಚಂದಾ ಸಣ್ಣ ಪತ್ರಿಕೆಗಳಿಗೆ ಭಾರ. ಕ್ಸಿನ್ಹುವಾ ಅಗ್ಗಕ್ಕೆ ಕೊಡುತ್ತದೆ, ಕೆಲವು ಕಡೆ ಪುಕ್ಕಟೆಯಾಗಿಯೇ ಕೊಡುತ್ತದೆ. ಕೊಡುವ ಸುದ್ದಿಯೆಲ್ಲ ಸುಳ್ಳು ಅಂದುಕೊಳ್ಳಬೇಡಿ. ಹೊಸ ರೈಲು ಮಾರ್ಗ, ಬೆಳೆ, ಓಟದ ಸ್ಪರ್ಧೆ ಎಲ್ಲ ಇರುತ್ತದೆ, ಬಹುಪಾಲು ಸರಿಯಾಗಿಯೇ ಇರುತ್ತದೆ. ಆಫ್ರಿಕಾ ಅಂದರೆ ಬರ, ಯುದ್ಧ, ರೋಗ ಅಂತಲೇ ಬರೆಯುವ ಪಶ್ಚಿಮದ ಚಾಳಿಯಿಂದ ಬೇಸತ್ತ ಸಂಪಾದಕರಿಗೆ ಇದು ಹಿತವಾಗಿಯೂ ಕಾಣುತ್ತದೆ. ಅವರ ಆ ದೂರಿನಲ್ಲಿ ಹುರುಳಿದೆ ಅಂತ ನನಗೂ ಅನ್ನಿಸುತ್ತದೆ.

ನೀವಿರುವ ಊರೇ ಈ ಆಟದ ದೊಡ್ಡ ಅಂಗಳ. ಚೀನಾದ ಸರ್ಕಾರಿ ಟಿವಿ ತನ್ನ ಆಫ್ರಿಕಾ ಕೇಂದ್ರವನ್ನು 2012ರ ಜನವರಿಯಲ್ಲಿ ತೆರೆದದ್ದು ನೈರೋಬಿಯಲ್ಲೇ. ಅದೇ ವರ್ಷದ ಕೊನೆಗೆ ಅವರ ಸರ್ಕಾರಿ ಇಂಗ್ಲಿಷ್ ಪತ್ರಿಕೆ 'ಚೀನಾ ಡೈಲಿ' ಆಫ್ರಿಕಾ ಆವೃತ್ತಿ ಹೊರತಂದಿತು. 2015ರ ಡಿಸೆಂಬರ್‌ನಲ್ಲಿ ಜೋಹಾನ್ಸ್‌ಬರ್ಗ್‌ನ ಚೀನಾ-ಆಫ್ರಿಕಾ ಶೃಂಗಸಭೆಯಲ್ಲಿ, ಆಫ್ರಿಕಾದ 10,000 ಹಳ್ಳಿಗಳಿಗೆ ಸ್ಯಾಟಲೈಟ್ ಟಿವಿ ಕೊಡುತ್ತೇವೆ ಅಂತ ಷಿ ಜಿನ್‌ಪಿಂಗ್ ಘೋಷಿಸಿದರು. ಆ ಕೆಲಸ ಸಿಕ್ಕಿದ್ದು ನಿಮ್ಮ ಓನರ್ ಡಿಶ್‌ನ ಕಂಪನಿಗೆ, ಅಂದರೆ ಸ್ಟಾರ್‌ಟೈಮ್ಸ್‌ಗೆ. ಅದು ಖಾಸಗಿ ಕಂಪನಿ, ಆದರೆ ಬೆನ್ನಿಗೆ ಸರ್ಕಾರಿ ಸಾಲ ಇದೆ. ಜಾಂಬಿಯಾದಲ್ಲಿ ಅಲ್ಲಿನ ಸರ್ಕಾರಿ ಪ್ರಸಾರ ಸಂಸ್ಥೆ ಇದರ ಜೊತೆ ಒಂದು ಜಂಟಿ ಕಂಪನಿ ಮಾಡಿಕೊಂಡಿತು. ಪಾಲು ಎಷ್ಟು ಗೊತ್ತಾ? ಸ್ಟಾರ್‌ಟೈಮ್ಸ್‌ಗೆ ನೂರಕ್ಕೆ 60, ದೇಶದ ಸಂಸ್ಥೆಗೆ 40. ಡಿಜಿಟಲ್ ಟಿವಿಯ ಕಂಬ, ತಂತಿ, ಸೆಟ್ ಟಾಪ್ ಬಾಕ್ಸ್ ಎಲ್ಲ ಬಂದದ್ದು ಚೀನಾ ಬ್ಯಾಂಕಿನ ಸಾಲದಲ್ಲಿ.

ಹಾಗಂತ ಊರಿನವರೆಲ್ಲ ಚೀನಾ ಸುದ್ದಿ ನೋಡ್ತಾ ಕೂತಿದ್ದಾರಾ? ಇಲ್ಲ ಅಂತಲೇ ನನ್ನ ಅಂದಾಜು. ಜಾಸ್ತಿ ಜನ ಆ ಡಿಶ್ ಹಾಕಿಸುವುದು ಫುಟ್‌ಬಾಲ್‌ಗೆ. ನಿಮ್ಮ ಓನರನ್ನೇ ಒಮ್ಮೆ ಕೇಳಿ ನೋಡಿ.

ಚೀನಾದವರಲ್ಲೇ ಇದಕ್ಕೊಂದು ಮಾತಿದೆ: ದೋಣಿ ಎರವಲು ಪಡೆದು ಕಡಲಿಗೆ ಇಳಿಯುವುದು. ತಮ್ಮ ಟಿವಿಯನ್ನು ಜನ ನೋಡದಿದ್ದರೆ ಬೇಡ, ಜನ ಆಗಲೇ ನಂಬಿರುವ ಪೇಪರಿನೊಳಗೆ, ರೇಡಿಯೊದೊಳಗೆ ಹತ್ತಿ ಕೂತರಾಯಿತು. ಅಮೆರಿಕಾದ 'ವಾಷಿಂಗ್ಟನ್ ಪೋಸ್ಟ್', 'ವಾಲ್ ಸ್ಟ್ರೀಟ್ ಜರ್ನಲ್', ಬ್ರಿಟನ್ನಿನ 'ಡೈಲಿ ಟೆಲಿಗ್ರಾಫ್' ಪತ್ರಿಕೆಗಳಲ್ಲಿ 'ಚೀನಾ ಡೈಲಿ'ಯವರ 'ಚೀನಾ ವಾಚ್' ಅನ್ನುವ ಪುರವಣಿ ವರ್ಷಗಟ್ಟಲೆ ಬಂತು. ನೋಡೋಕೆ ಸುದ್ದಿ ಪುಟದ ಹಾಗೇ. ಇದು ಜಾಹೀರಾತು ಅನ್ನುವ ಸಾಲು ಮೂಲೆಯಲ್ಲಿ ಇರುವೆ ಗಾತ್ರದಲ್ಲಿ. 'ಚೀನಾ ಡೈಲಿ' ಅಮೆರಿಕಾ ಸರ್ಕಾರಕ್ಕೆ ಕೊಟ್ಟ ಲೆಕ್ಕದ ಪ್ರಕಾರ, 2016ರ ನವೆಂಬರ್‌ನಿಂದ 2020ರವರೆಗೆ ಪೋಸ್ಟ್‌ಗೆ 46 ಲಕ್ಷ ಡಾಲರ್, ಜರ್ನಲ್‌ಗೆ ಸುಮಾರು 60 ಲಕ್ಷ ಡಾಲರ್ ಸಂದಿದೆ. ಈ ಲೆಕ್ಕ ಹೊರಬಿದ್ದದ್ದು, ವಿದೇಶಿ ಏಜೆಂಟರು ಖರ್ಚು ತೋರಿಸಲೇಬೇಕು ಅನ್ನುವ ಕಾನೂನು ಅಲ್ಲಿರುವುದರಿಂದ. ಅಂಥ ಕಾನೂನಿಲ್ಲದ ದೇಶಗಳಲ್ಲಿ ಲೆಕ್ಕ ಕೇಳುವವರೇ ಇಲ್ಲ.

ಹೆಸರು ಹೇಳುವಷ್ಟಾದರೂ ಇದ್ದರೆ ಸರಿ. 2015ರ ನವೆಂಬರ್‌ನಲ್ಲಿ ರಾಯಿಟರ್ಸ್ ಬಯಲು ಮಾಡಿದ ಕತೆ ಇನ್ನೂ ಸ್ವಾರಸ್ಯದ್ದು. 14 ದೇಶಗಳಲ್ಲಿ ಕನಿಷ್ಠ 33 ರೇಡಿಯೊ ಸ್ಟೇಷನ್‌ಗಳು ಚೀನಾದ ಸರ್ಕಾರಿ ರೇಡಿಯೊ ಕೊಟ್ಟದ್ದನ್ನು ಬಿತ್ತರಿಸುತ್ತಿದ್ದವು. ಒಂದು ಇದ್ದದ್ದು ವಾಷಿಂಗ್ಟನ್ ಪಕ್ಕದಲ್ಲೇ. ಮುಂದೆ ಕಾಣುತ್ತಿದ್ದದ್ದು ಫಿನ್ಲೆಂಡ್, ಆಸ್ಟ್ರೇಲಿಯಾ, ಅಮೆರಿಕಾದ ಮೂರು ಕಂಪನಿಗಳು. ಮೂರರಲ್ಲೂ ದೊಡ್ಡ ಪಾಲು ಬೀಜಿಂಗ್‌ನ ಅದೇ ರೇಡಿಯೊಗೆ ಸೇರಿದ ಕಂಪನಿಯದು. ಕೇಳುವವನಿಗೆ ಅದು ಊರಿನ ಸ್ಟೇಷನ್, ಅಷ್ಟೇ.

ಇಷ್ಟೆಲ್ಲದರಲ್ಲಿ ನನ್ನನ್ನು ಕಾಡುವುದು ಅಚ್ಚಾದ ಸುದ್ದಿಯಲ್ಲ, ಅಚ್ಚಾಗದೇ ಹೋದದ್ದು. ದಕ್ಷಿಣ ಆಫ್ರಿಕಾದ ದೊಡ್ಡ ಪತ್ರಿಕಾ ಗುಂಪು ಇಂಡಿಪೆಂಡೆಂಟ್ ಮೀಡಿಯಾ. 'ಕೇಪ್ ಟೈಮ್ಸ್', 'ದಿ ಸ್ಟಾರ್' ಎಲ್ಲ ಅವರದೇ. 2013ರಲ್ಲಿ ಅದು ಕೈ ಬದಲಾದಾಗ ನೂರಕ್ಕೆ 20 ಪಾಲು ಚೀನಾದ ಸರ್ಕಾರಿ ಸಂಸ್ಥೆಗಳಿಗೆ ಹೋಯಿತು. 2018ರ ಸೆಪ್ಟೆಂಬರ್‌ನಲ್ಲಿ ಅಂಕಣಕಾರ ಆಜಾದ್ ಈಸಾ, ಚೀನಾದ ಷಿನ್‌ಜಿಯಾಂಗ್‌ನಲ್ಲಿ ಉಯ್ಗರ್ ಮುಸ್ಲಿಮರನ್ನು ಕೂಡಿಹಾಕುತ್ತಿರುವ ಬಗ್ಗೆ ಬರೆದರು. ಅದು ಪತ್ರಿಕೆಯಲ್ಲಿ ಅಚ್ಚಾಯಿತು. ಆದರೆ ವೆಬ್‌ಸೈಟ್‌ಗೆ ಹಾಕುವುದಿಲ್ಲ ಅಂದರು. ಆಮೇಲೆ ವಾರದ ಅಂಕಣವೇ ರದ್ದು. ಪತ್ರಿಕೆಯ ವಿನ್ಯಾಸ ಬದಲಾಗುತ್ತಿದೆ ಅನ್ನುವುದು ಕೊಟ್ಟ ಕಾರಣ. ಬೀಜಿಂಗ್‌ನಿಂದ ಫೋನ್ ಬಂದಿರಬೇಕು ಅಂತೇನೂ ಇಲ್ಲ. ನಮ್ಮಲ್ಲಿ 'ಹಂಗು' ಅನ್ನುತ್ತೇವಲ್ಲ, ಅದೊಂದು ಇದ್ದರೆ ಫೋನ್ ಯಾಕೆ ಬೇಕು?

ಪ್ರಶ್ನೆ: ಬಿಬಿಸಿ ವರ್ಲ್ಡ್ ಸರ್ವಿಸ್‌ಗೂ ಬ್ರಿಟನ್ ಸರ್ಕಾರ ದುಡ್ಡು ಕೊಡುತ್ತದೆ. ಅಮೆರಿಕಾವೂ ವಾಯ್ಸ್ ಆಫ್ ಅಮೆರಿಕಾ ಇಟ್ಟುಕೊಂಡಿತ್ತು. ಚೀನಾ ಮಾಡಿದರೆ ಮಾತ್ರ ತಪ್ಪಾ?
– ಪತ್ರಿಕೋದ್ಯಮ ವಿದ್ಯಾರ್ಥಿ, ಧಾರವಾಡ

ಉತ್ತರ: ಒಳ್ಳೆ ಪ್ರಶ್ನೆ. ದುಡ್ಡು ಕೊಡುವುದೇ ತಪ್ಪು ಅಂದರೆ ನಮ್ಮ ಆಕಾಶವಾಣಿಯನ್ನೂ ಮುಚ್ಚಬೇಕಾಗುತ್ತದೆ. ಬೇರೆ ದೇಶದವರಿಗೆ ನಮ್ಮ ಮಾತು ಮುಟ್ಟಿಸಬೇಕು ಅನ್ನುವ ಆಸೆ ಎಲ್ಲ ಸರ್ಕಾರಗಳಿಗೂ ಇದೆ. ಶೀತಲ ಸಮರದ ಕಾಲದಲ್ಲಿ ಅಮೆರಿಕಾದ ಸಿಐಎ ಕೂಡ ಕದ್ದುಮುಚ್ಚಿ ರೇಡಿಯೊ ಸಾಕಿದ್ದುಂಟು.

ನೋಡಬೇಕಾದ್ದು ಕೊನೆಯ ಮಾತು ಯಾರದು ಅಂತ. ಬಿಬಿಸಿ ತನ್ನ ಪ್ರಧಾನಿಯನ್ನೇ ನೀರಿಳಿಸುವುದನ್ನು ನೀವು ನೋಡಿರುತ್ತೀರಿ. ಚೀನಾದ ಸರ್ಕಾರಿ ಇಂಗ್ಲಿಷ್ ಚಾನೆಲ್ ಸಿಜಿಟಿಎನ್ ಷಿ ಅವರನ್ನು ಹಾಗೆ ಕೇಳುವುದನ್ನು ನೋಡಿದ್ದೀರಾ? 2016ರ ಫೆಬ್ರುವರಿಯಲ್ಲಿ ಷಿ ಅವರೇ ಸರ್ಕಾರಿ ಮಾಧ್ಯಮಗಳ ಕಚೇರಿಗೆ ಹೋಗಿ, ನಿಮ್ಮ ಮನೆತನದ ಹೆಸರು 'ಪಕ್ಷ' ಆಗಿರಬೇಕು ಅಂತ ಹೇಳಿ ಬಂದರು. 2018ರಲ್ಲಿ ಟಿವಿ, ರೇಡಿಯೊ ಎಲ್ಲ ಒಂದೇ ಸಂಸ್ಥೆಯಾಗಿ ಪಕ್ಷದ ಪ್ರಚಾರ ವಿಭಾಗದ ಕೆಳಗೆ ಬಂದವು. ಬ್ರಿಟನ್ನಿನ ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್ 2021ರ ಫೆಬ್ರುವರಿ 4ರಂದು ಸಿಜಿಟಿಎನ್ ಲೈಸೆನ್ಸ್ ಕಿತ್ತುಕೊಂಡದ್ದೂ ಇದೇ ಎಳೆ ಹಿಡಿದು. ಲೈಸೆನ್ಸ್ ಒಬ್ಬರ ಹೆಸರಲ್ಲಿದೆ, ಏನು ಪ್ರಸಾರ ಮಾಡಬೇಕು ಅಂತ ತೀರ್ಮಾನಿಸುವವರು ಬೇರೆ ಅನ್ನುವುದು ಅವರ ತಕರಾರು. ಒಂದೇ ವಾರದಲ್ಲಿ ಚೀನಾ ತನ್ನ ನೆಲದಲ್ಲಿ ಬಿಬಿಸಿ ವರ್ಲ್ಡ್ ನ್ಯೂಸ್ ನಿಲ್ಲಿಸಿತು.

ಪ್ರಶ್ನೆ: ನಮ್ಮ ದೇಶದಲ್ಲೂ ಇದು ನಡೆದಿದೆಯಾ?
– ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ನಡೆದಿದೆ, ಮೇಡಂ. ಚೀನಾ ರೇಡಿಯೊ ಹಿಂದಿಯಲ್ಲಿ ಶುರುವಾದದ್ದು 1959ರಲ್ಲಿ, ಪಕ್ಕದ ತಮಿಳಿನಲ್ಲಿ 1963ರಲ್ಲಿ. ಬೀಜಿಂಗ್‌ನಲ್ಲಿ ಕೂತು ಚೀನೀಯರೇ ತಮಿಳು ಮಾತಾಡುವುದನ್ನು ಕೇಳೋಕೆ ತಮಿಳುನಾಡಿನಲ್ಲಿ ಕೇಳುಗರ ಸಂಘಗಳೇ ಇದ್ದವು! ಸುಮ್ನೆ ಹವ್ಯಾಸದ ಜನ ಅವರು. ಅದರಲ್ಲಿ ಹೆದರುವಂಥದ್ದು ನನಗೇನೂ ಕಂಡಿಲ್ಲ.

ಪತ್ರಕರ್ತರಿಗೆ ಚೀನಾ ಕೊಡುವ ಫೆಲೋಶಿಪ್ ವಿಷಯ ಬೇರೆ. ಆಫ್ರಿಕಾದ ಪತ್ರಕರ್ತರಿಗೆಂದು 2014ರಲ್ಲಿ ಶುರುವಾಗಿ, 2016ರ ಹೊತ್ತಿಗೆ ನಮ್ಮ ಕಡೆಯವರಿಗೂ ಬಂತು. ಸುಮಾರು ಹತ್ತು ತಿಂಗಳು ಬೀಜಿಂಗ್‌ನಲ್ಲಿ ಮನೆ, ಪ್ರತಿ ತಿಂಗಳು ಖರ್ಚಿಗೆ ದುಡ್ಡು, ಪ್ರಾಂತ್ಯಗಳ ಪ್ರವಾಸ, ಭಾಷೆಯ ಪಾಠ. ಭಾರತದ ಪತ್ರಕರ್ತರೂ ಹೋಗಿ ಬಂದಿದ್ದಾರೆ. ಹೋದವರೆಲ್ಲ ಮಾರಿಕೊಂಡರು ಅನ್ನಲಾರೆ, ಕೆಲವರು ಅಲ್ಲಿಂದ ಒಳ್ಳೆ ವರದಿ ಕಳಿಸಿದ್ದಾರೆ. ಆದರೆ ಉಂಡ ಮನೆ ಜಂತೆ ಎಣಿಸೋಕೆ ದಾಕ್ಷಿಣ್ಯ ಆಗುತ್ತದಲ್ವಾ? ಪ್ರವಾಸ ಯಾರ ಖರ್ಚಿನದು ಅಂತ ವರದಿಯ ಕೊನೆಗೆ ಒಂದು ಸಾಲು ಹಾಕಿದರೆ ಅರ್ಧ ಋಣ ತೀರಿದ ಹಾಗೆ. ಬಹಳ ಕಡೆ ಆ ಸಾಲೇ ಇರುವುದಿಲ್ಲ.

ಪುಸಲಾಯಿಸುವುದು ಬಿಟ್ಟು ನೇರ ಹೇಳಿದ್ದೂ ಉಂಟು. 2020ರ ಅಕ್ಟೋಬರ್ 10ರಂದು ತೈವಾನಿನ ರಾಷ್ಟ್ರೀಯ ದಿನ. ಅದಕ್ಕೆ ಮೂರು ದಿನ ಮೊದಲು ನಮ್ಮ ಕೆಲವು ಪತ್ರಿಕೆಗಳಲ್ಲಿ ತೈವಾನ್ ಸರ್ಕಾರದ ಜಾಹೀರಾತು ಬಂತು. ಅವತ್ತೇ ದೆಹಲಿಯ ಚೀನಾ ರಾಯಭಾರ ಕಚೇರಿ ಭಾರತದ ಪತ್ರಕರ್ತರಿಗೆ ಪತ್ರ ಬರೆದು, ತೈವಾನನ್ನು 'ದೇಶ' ಅನ್ನಬೇಡಿ, ಅದರ ಅಧ್ಯಕ್ಷರನ್ನು 'ಅಧ್ಯಕ್ಷ' ಅಂತ ಬರೆಯಬೇಡಿ ಅಂತ ತಿಳಿಸಿತು. ಇಲ್ಲಿ ಮಾಧ್ಯಮ ಸ್ವತಂತ್ರ, ಸರಿ ಕಂಡದ್ದನ್ನು ಬರೆಯುತ್ತದೆ ಅಂತ ನಮ್ಮ ವಿದೇಶಾಂಗ ಇಲಾಖೆ ಹೇಳಿತು. ತೈವಾನ್ ವಿದೇಶಾಂಗ ಇಲಾಖೆ ಇನ್ನೂ ಚುಟುಕಾಗಿ ಹೀಗೆ ಟ್ವೀಟ್ ಮಾಡಿತು: ನಮ್ಮ ಭಾರತೀಯ ಸ್ನೇಹಿತರ ಉತ್ತರ ಒಂದೇ ಇರುತ್ತದೆ: "ತೊಲಗಿ!"